ಜ್ಞಾನದಾನ ಪೂರ್ಣವಾಗುವುದು ಯಾವಾಗ?

ಆಹಾರ, ಅಭಯ, ಔಷಧ ಮತ್ತು ಶಾಸ್ತ್ರ ಎಂಬ ಚತುರ್ವಿಧ ದಾನಗಳು ಶ್ರಾವಕಧರ್ಮದ ಮುಖ್ಯ ಅಂಗಗಳೆಂಬುದು ಜೈನ ಮನೆಗಳ ಮಕ್ಕಳಿಗೂ ತಿಳಿದ ವಿಷಯ. ಕರ್ನಾಟಕದ ಶಾಸನಗಳಲ್ಲಿ ಎಷ್ಟೋ ಮಂದಿ ದಂಡನಾಯಕರು, ವರ್ತಕರು, ರಾಣಿಯರು ಈ ನಾಲ್ಕು ದಾನಗಳಲ್ಲಿ ಆನಂದ ಕಾಣುವವರೆಂದು ಪ್ರಶಂಸೆಗೆ ಪಾತ್ರರಾಗಿದ್ದಾರೆ. ಇವುಗಳಲ್ಲಿ ಮೊದಲ ಮೂರರ ಫಲ ಬೇಗ ಕಣ್ಣಿಗೆ ಕಾಣುತ್ತದೆ. ಹಸಿದವನು ಉಂಡು ತೃಪ್ತನಾದಾಗ ಆಹಾರದಾನ ಪೂರ್ಣವಾಯಿತು. ಅಂಜಿದ ಜೀವಿಯ ಭಯ ನೀಗಿದಾಗ ಅಭಯದಾನ ಪೂರ್ಣವಾಯಿತು. ರೋಗಿ ಗುಣ ಹೊಂದಿ ಎದ್ದು ಕುಳಿತಾಗ ಔಷಧದಾನ ಪೂರ್ಣವಾಯಿತು. ಆದರೆ ಶಾಸ್ತ್ರದಾನ, ಇಂದಿನ ವಿಶಾಲಾರ್ಥದಲ್ಲಿ ಹೇಳುವುದಾದರೆ ಜ್ಞಾನದಾನ, ಯಾವಾಗ ಪೂರ್ಣವಾಗುತ್ತದೆ? ಶಾಲೆಯ ಕಟ್ಟಡದ ಬೀಗದ ಕೈಯನ್ನು ಒಪ್ಪಿಸಿದಾಗಲೇ? ಪುಸ್ತಕ ಹಂಚಿದಾಗಲೇ? ಮಗುವಿನ ಹೆಸರು ಹಾಜರಿ ಪುಸ್ತಕವನ್ನು ಸೇರಿದಾಗಲೇ? ದಾನ ಕೊಡುವ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ನಿಂತು ಯೋಚಿಸಬೇಕಾದ ಪ್ರಶ್ನೆ ಇದು.

ಪ್ರಶ್ನೆಯನ್ನು ಒಂದು ಊರಿನ ಮುಂದಿಟ್ಟು ನೋಡುವುದು ಲೇಸು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿ ಒಂದು ಹೋಬಳಿ ಕೇಂದ್ರ. ಕನ್ನಡ ಓದುಗರಿಗೆ ಈ ಊರಿನ ಹೆಸರು ಪರಿಚಿತವಾದುದು ವೈದ್ಯರೂ ಕಥೆಗಾರರೂ ಆಗಿದ್ದ ಡಾ. ಬೆಸಗರಹಳ್ಳಿ ರಾಮಣ್ಣನವರಿಂದ. ಈ ಸೀಮೆ ಕಬ್ಬು, ಭತ್ತ, ರಾಗಿ, ರೇಷ್ಮೆಗಳನ್ನು ನೆಚ್ಚಿ ಬದುಕುವ ಸೀಮೆ. ಜೈನಧರ್ಮದ ಪ್ರಾಚೀನ ನೆನಪುಗಳಿಗೂ ಇಲ್ಲಿ ಕೊರತೆಯಿಲ್ಲ. ಇದೇ ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲೆ ಬಾಹುಬಲಿಯ ವಿಗ್ರಹವಿದೆ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯಲ್ಲಿ ಪಂಚಕೂಟ ಬಸದಿಯೂ ಮಾನಸ್ತಂಭವೂ ಇವೆ. ಆದರೆ ಜೈನ ಮನೆಗಳು ಇಂದು ಈ ಭಾಗದ ಹಳ್ಳಿಗಳಲ್ಲಿ ವಿರಳ. ಬೆಸಗರಹಳ್ಳಿಯ ಮಕ್ಕಳ ವಿದ್ಯೆಯ ಚಿಂತೆ ಜೈನ ದಾನಿಗಳಿಗೆ ಏಕೆ ಎಂಬ ಪ್ರಶ್ನೆಗೂ ಆದುದರಿಂದಲೇ ಉತ್ತರ ಹುಡುಕಬೇಕಾಗುತ್ತದೆ.

ಶಾಲೆ ತೆರೆದಿರುವ ಯಾವ ದಿನದ ಬೆಳಿಗ್ಗೆಯಾದರೂ ಇಂತಹ ಹೋಬಳಿ ಕೇಂದ್ರಗಳ ರಸ್ತೆಯ ಬದಿಯಲ್ಲಿ ಎರಡು ಬಗೆಯ ಮಕ್ಕಳು ಕಾಣುತ್ತಾರೆ. ಟೈ ಕಟ್ಟಿ, ಬೂಟು ತೊಟ್ಟು, ಪಟ್ಟಣದ ಖಾಸಗಿ ಶಾಲೆಯ ಹಳದಿ ವಾಹನಕ್ಕಾಗಿ ಕಾಯುವವರು ಕೆಲವರು. ಚೀಲವನ್ನು ಹೆಗಲಿಗೇರಿಸಿ ಊರಿನ ಸರ್ಕಾರಿ ಶಾಲೆಯ ಕಡೆಗೆ ನಡೆದು ಹೋಗುವವರು ಉಳಿದವರು. ಇಬ್ಬರೂ ಒಂದೇ ಊರಿನವರು, ಎಷ್ಟೋ ಸಲ ಒಂದೇ ಬೀದಿಯವರು. ಒಬ್ಬನ ತಂದೆಗೆ ಸ್ವಂತ ಗದ್ದೆಯಿದೆ, ಇನ್ನೊಬ್ಬನ ತಂದೆ ಅದೇ ಗದ್ದೆಯಲ್ಲಿ ಕೂಲಿಯಾಳು. ಕಬ್ಬು ಕಡಿಯುವ ಹಂಗಾಮು ಬಂದಿತೆಂದರೆ ಮೂರನೆಯ ಬಗೆಯ ಮಕ್ಕಳೂ ಈ ಸೀಮೆಯನ್ನು ಸೇರುತ್ತಾರೆ. ದೂರದ ಜಿಲ್ಲೆಗಳಿಂದ ಬಂದು ಗದ್ದೆಯ ಅಂಚಿನಲ್ಲಿ ಗುಡಿಸಲು ಹಾಕುವ ಕೂಲಿಕಾರರ ಮಕ್ಕಳು ಅವರು. ಅವರ ಹೆಸರು ಒಂದು ಊರಿನ ಹಾಜರಿ ಪುಸ್ತಕದಲ್ಲಿರುತ್ತದೆ. ಅವರ ದಿನಗಳು ಇನ್ನೊಂದು ಊರಿನಲ್ಲಿ ಕಳೆಯುತ್ತವೆ.

ಹಳದಿ ವಾಹನವನ್ನು ಹತ್ತಿಸುವ ತಂದೆತಾಯಿಗಳು ತಪ್ಪಿತಸ್ಥರೇ? ಹಾಗೆಂದು ತೀರ್ಪು ಕೊಡುವುದು ಏಕಾಂತವಾದವಾದೀತು. ತನ್ನ ಮಗುವಿಗೆ ಒಳ್ಳೆಯದನ್ನು ಬಯಸುವುದು ಗೃಹಸ್ಥನ ಕರ್ತವ್ಯ. ಸಾಲ ಮಾಡಿಯಾದರೂ ಶುಲ್ಕ ಕಟ್ಟುವ ರೈತನ ತ್ಯಾಗ ಸಣ್ಣದಲ್ಲ. ಆದರೆ ಒಂದೊಂದಾಗಿ ನೋಡಿದಾಗ ನಿರ್ದೋಷವಾದ ನೂರು ನಿರ್ಧಾರಗಳು ಒಟ್ಟುಗೂಡಿದಾಗ ಒಂದು ನಷ್ಟ ಹುಟ್ಟುತ್ತದೆ. ಕರ್ನಾಟಕದಲ್ಲಿ ೨೦೦೧ರಿಂದ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆ. ಆ ಶಾಲೆಯಲ್ಲಿ ಓದುವ ಮಕ್ಕಳ ಪೋಷಕರೇ ಅದರ ಬಲ. ಅರ್ಜಿ ಬರೆಯಬಲ್ಲ, ಅಧಿಕಾರಿಯ ಮುಂದೆ ನಿಂತು ಪ್ರಶ್ನೆ ಕೇಳಬಲ್ಲ ಪೋಷಕನು ತನ್ನ ಮಗುವನ್ನು ಬಿಡಿಸಿಕೊಂಡು ಹೋದಾಗ ಶಾಲೆ ಒಂದು ಮಗುವಿನೊಡನೆ ಒಂದು ಧ್ವನಿಯನ್ನೂ ಕಳೆದುಕೊಳ್ಳುತ್ತದೆ. ಕೊನೆಗೆ ಅಲ್ಲಿ ಉಳಿಯುವವರು, ಶಿಕ್ಷಕರು ಬರದಿದ್ದರೂ ಕೇಳಲು ಅಂಜುವವರು, ಕೂಲಿ ಬಿಟ್ಟು ಸಭೆಗೆ ಬರಲಾಗದವರು. ಹೋದವರ ಮೇಲೆ ದೋಷ ಹೊರಿಸಲಾಗದು. ಆದರೂ ಉಳಿದ ಮಗುವಿಗೆ ಹಾನಿಯಾದುದು ಸತ್ಯ. ಈ ಎರಡು ಸತ್ಯಗಳನ್ನೂ ಒಟ್ಟಿಗೆ ಹಿಡಿಯುವುದನ್ನೇ ಅನೇಕಾಂತ ಕಲಿಸುತ್ತದೆ.

ಸರ್ಕಾರ ಏನೂ ಮಾಡಿಲ್ಲವೆಂದು ಹೇಳುವುದೂ ನ್ಯಾಯವಲ್ಲ. ಅಕ್ಷರ ದಾಸೋಹ ಯೋಜನೆ ೨೦೦೨ರಲ್ಲಿ ರಾಜ್ಯದ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ೨೦೦೩ರಲ್ಲಿ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಮಧ್ಯಾಹ್ನದ ಬಿಸಿಯೂಟ ಎಷ್ಟೋ ಮಕ್ಕಳನ್ನು ಶಾಲೆಯಲ್ಲಿ ಉಳಿಸಿತು. ೨೦೦೬-೦೭ರಿಂದ ಹಲವು ವರ್ಷಗಳ ಕಾಲ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ವಿತರಣೆಯಾಯಿತು. ಪಕ್ಕದ ಊರಿನ ಪ್ರೌಢಶಾಲೆ ಹೆಣ್ಣುಮಕ್ಕಳಿಗೆ ಹತ್ತಿರವಾಯಿತು. ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಉಚಿತ ಹಾಗೂ ಕಡ್ಡಾಯ ಶಿಕ್ಷಣದ ಹಕ್ಕನ್ನು ಕೊಟ್ಟ ಕಾಯಿದೆ ೨೦೧೦ರ ಏಪ್ರಿಲ್ ೧ರಂದು ಜಾರಿಗೆ ಬಂದಿತು. ಶಾಲೆ ಹತ್ತಿರವಿದೆ, ಊಟವಿದೆ, ಪುಸ್ತಕವಿದೆ, ಸಮವಸ್ತ್ರವಿದೆ. ಹೀಗಿದ್ದೂ ‘ಪ್ರಥಮ್’ ಸಂಸ್ಥೆ ೨೦೦೫ರಿಂದ ಗ್ರಾಮೀಣ ಭಾರತದಲ್ಲಿ ನಡೆಸಿಕೊಂಡು ಬಂದಿರುವ ‘ಅಸರ್’ ಸಮೀಕ್ಷೆ ಒಂದು ಕಹಿ ಮಾತನ್ನು ಮತ್ತೆ ಮತ್ತೆ ಹೇಳುತ್ತಿದೆ. ೨೦೨೪ರ ಸಮೀಕ್ಷೆಯಲ್ಲಿ ಐದನೆಯ ತರಗತಿಯ ಮಕ್ಕಳ ಪೈಕಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ದೇಶದ ಹಳ್ಳಿಗಳಲ್ಲಿ ಅರ್ಧಕ್ಕಿಂತ ತುಸು ಕಡಿಮೆ. ಶಾಲೆಯ ಬಾಗಿಲು ತೆರೆದಿದೆ. ವಿದ್ಯೆಯ ಬಾಗಿಲು ಇನ್ನೂ ಅರ್ಧ ಮುಚ್ಚಿದೆ.

ಈ ಸ್ಥಿತಿ ಭಾರತಕ್ಕೆ ಮಾತ್ರ ಸೀಮಿತವಾದುದಲ್ಲ. ಗುಜರಾತಿನ ಜಾಮನಗರ ಸೀಮೆಯಿಂದ ಓಸವಾಲ ಜೈನ ಕುಟುಂಬಗಳು ಶತಮಾನಕ್ಕೂ ಹಿಂದೆ ವ್ಯಾಪಾರಕ್ಕಾಗಿ ಪೂರ್ವ ಆಫ್ರಿಕಕ್ಕೆ ಹೋಗಿ ನೆಲೆಸಿ, ಅಲ್ಲಿ ಜಿನಾಲಯಗಳನ್ನೂ ಶಾಲೆಗಳನ್ನೂ ಕಟ್ಟಿದುದನ್ನು ಅನೇಕರು ಬಲ್ಲರು. ಅದೇ ನೆಲದ ಹಳ್ಳಿಗಳ ಶಾಲೆಗಳ ಕಥೆಯೂ ಬೆಸಗರಹಳ್ಳಿಯ ಕಥೆಯಂತೆಯೇ ಇದೆ. ಮಲಾವಿ ದೇಶ ೧೯೯೪ರಲ್ಲಿ, ಉಗಾಂಡ ೧೯೯೭ರಲ್ಲಿ, ಕೆನ್ಯ ೨೦೦೩ರಲ್ಲಿ ಪ್ರಾಥಮಿಕ ಶಾಲೆಯ ಶುಲ್ಕವನ್ನು ರದ್ದು ಮಾಡಿದವು. ಕೆನ್ಯದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊಸದಾಗಿ ಶಾಲೆಗೆ ಬಂದರು. ೨೦೦೪ರಲ್ಲಿ ಅಲ್ಲಿನ ಎಲ್ಡೊರೆಟ್‌ನ ಶಾಲೆಯೊಂದರಲ್ಲಿ ಕಿಮಾನಿ ಮರುಗೆ ಎಂಬ ಎಂಬತ್ತನಾಲ್ಕು ವರ್ಷದ ವೃದ್ಧರು ಮೊದಲನೆಯ ತರಗತಿಗೆ ಸೇರಿ ಮಕ್ಕಳ ನಡುವೆ ಕುಳಿತರು. ವಿದ್ಯೆಯ ಹಸಿವು ಎಷ್ಟು ಆಳವಾದುದೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಮಕ್ಕಳು ಬಂದಷ್ಟು ವೇಗವಾಗಿ ಶಿಕ್ಷಕರು ಬರಲಿಲ್ಲ. ಒಂದೊಂದು ಕೋಣೆಯಲ್ಲಿ ನೂರರ ಹತ್ತಿರ ಮಕ್ಕಳು ಕುಳಿತ ಶಾಲೆಗಳೂ ಇದ್ದವು. ಭಾರತದ ‘ಅಸರ್’ ಮಾದರಿಯನ್ನೇ ಅನುಸರಿಸಿ ೨೦೦೯ರಲ್ಲಿ ಕೆನ್ಯ, ಟಾಂಜಾನಿಯ ಮತ್ತು ಉಗಾಂಡಗಳಲ್ಲಿ ‘ಉವೆಜೊ’ ಎಂಬ ಪ್ರಯತ್ನ ಆರಂಭವಾಯಿತು. ಸ್ವಾಹಿಲಿ ಭಾಷೆಯಲ್ಲಿ ಆ ಪದಕ್ಕೆ ಸಾಮರ್ಥ್ಯವೆಂದು ಅರ್ಥ. ಅದರ ಸಮೀಕ್ಷೆಗಳೂ ಇದೇ ಸಂಗತಿಯನ್ನು ಹೊರಗೆಡಹಿದವು: ಶಾಲೆಯಲ್ಲಿ ವರ್ಷಗಳನ್ನು ಕಳೆದರೂ ಸರಳ ಪಾಠವನ್ನು ಓದಲಾರದ ಮಕ್ಕಳು ಬಹುಸಂಖ್ಯೆಯಲ್ಲಿದ್ದರು. ಪ್ರವೇಶ ಬೇರೆ, ಕಲಿಕೆ ಬೇರೆ ಎಂಬ ಪಾಠವನ್ನು ಎರಡು ಭೂಖಂಡಗಳ ಬಡ ಮಕ್ಕಳು ಒಂದೇ ಬಗೆಯ ಬೆಲೆ ತೆತ್ತು ಜಗತ್ತಿಗೆ ಕಲಿಸಿದ್ದಾರೆ.

ಈ ಹಿನ್ನೆಲೆಯಲ್ಲಿ ದಾನದ ಲಕ್ಷಣವನ್ನು ಪುನಃ ಪರಿಶೀಲಿಸಬೇಕು. ಆಚಾರ್ಯ ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ, ಅನುಗ್ರಹಕ್ಕಾಗಿ ತನ್ನ ವಸ್ತುವನ್ನು ತ್ಯಜಿಸುವುದೇ ದಾನವೆಂದು ನಿರೂಪಿತವಾಗಿದೆ. ಅನುಗ್ರಹವೆಂದರೆ ತನಗೂ ಪರರಿಗೂ ಆಗುವ ಉಪಕಾರವೆಂದು ಪೂಜ್ಯಪಾದಾಚಾರ್ಯರು ವಿವರಿಸಿದ್ದಾರೆ. ಗಮನಿಸಬೇಕಾದ ಅಂಶವೆಂದರೆ ತ್ಯಾಗವೊಂದರಿಂದಲೇ ಈ ಲಕ್ಷಣ ಪೂರ್ತಿಯಾಗುವುದಿಲ್ಲ. ಕೊಟ್ಟವನ ಕೈಯಿಂದ ವಸ್ತು ಬಿಟ್ಟು ಹೋದುದು ದಾನದ ಒಂದು ಭಾಗ. ಪಡೆದವನಿಗೆ ಉಪಕಾರವಾದುದು ಇನ್ನೊಂದು ಭಾಗ. ವಿಧಿ, ದ್ರವ್ಯ, ದಾತೃ, ಪಾತ್ರ ಎಂಬ ನಾಲ್ಕರ ವಿಶೇಷದಿಂದ ದಾನದ ಫಲದಲ್ಲಿ ತಾರತಮ್ಯವುಂಟಾಗುವುದೆಂದೂ ಅಲ್ಲಿಯೇ ಹೇಳಿದೆ. ಜ್ಞಾನದಾನದ ವಿಷಯದಲ್ಲಿ ದಾನಿಗಳ ಲಕ್ಷ್ಯವೆಲ್ಲ ದ್ರವ್ಯದ ಮೇಲೆ ನೆಟ್ಟಿರುತ್ತದೆ: ಎಷ್ಟು ಕೋಣೆ, ಎಷ್ಟು ಬೆಂಚು, ಎಷ್ಟು ಗಣಕಯಂತ್ರ. ವಿಧಿಯ ವಿಚಾರ, ಎಂದರೆ ಹೇಗೆ ಕೊಟ್ಟರೆ ಅದು ಮಗುವಿನ ಮನಸ್ಸನ್ನು ಮುಟ್ಟೀತೆಂಬ ವಿಚಾರ, ಹಿಂದೆ ಬೀಳುತ್ತದೆ. ಔಷಧದ ಸೀಸೆಯನ್ನು ಮನೆಗೆ ಕಳುಹಿಸಿ ರೋಗಿ ಗುಣವಾದನೋ ಇಲ್ಲವೋ ಎಂದು ವಿಚಾರಿಸದ ವೈದ್ಯನನ್ನು ಯಾರೂ ಮೆಚ್ಚುವುದಿಲ್ಲ. ಕಟ್ಟಡ ಕಟ್ಟಿಸಿ ಮಗುವಿಗೆ ಓದು ಬಂದಿತೇ ಎಂದು ವಿಚಾರಿಸದ ದಾನಿಯನ್ನು ಮಾತ್ರ ಸಮಾಜ ಶಾಲು ಹೊದಿಸಿ ಗೌರವಿಸುತ್ತದೆ.

ಇನ್ನೊಂದು ವಿವೇಕವೂ ಅಗತ್ಯ. ಜಿನಸೇನಾಚಾರ್ಯರ ಆದಿಪುರಾಣದಲ್ಲಿ ದಯಾದತ್ತಿ, ಪಾತ್ರದತ್ತಿ, ಸಮದತ್ತಿ, ಅನ್ವಯದತ್ತಿ ಎಂದು ಕೊಡುಗೆಯ ನಾಲ್ಕು ಬಗೆಗಳು ಉಕ್ತವಾಗಿವೆ. ಮುನಿಗಳೇ ಮೊದಲಾದ ಸತ್ಪಾತ್ರರಿಗೆ ಭಕ್ತಿಯಿಂದ ಕೊಡುವುದು ಪಾತ್ರದತ್ತಿ. ಸಮಾನಧರ್ಮಿಗಳಿಗೆ ಆದರದಿಂದ ಕೊಡುವುದು ಸಮದತ್ತಿ. ತನ್ನ ಸಂತತಿಗೆ ಒಪ್ಪಿಸುವುದು ಅನ್ವಯದತ್ತಿ. ದೀನರಾದ ಜೀವಿಗಳಿಗೆ ಕರುಣೆಯಿಂದ ಕೊಡುವುದು ದಯಾದತ್ತಿ. ಸ್ವಂತ ಮಗನ ಶಾಲೆಯ ಶುಲ್ಕ ಅನ್ವಯದತ್ತಿಯ ಜಾತಿಗೆ ಸೇರುತ್ತದೆ. ಸಮಾಜದ ವಿದ್ಯಾರ್ಥಿನಿಲಯ, ಸಮಾಜದ ವಿದ್ಯಾರ್ಥಿವೇತನ ಸಮದತ್ತಿಗೆ ಸಲ್ಲುತ್ತವೆ. ಎರಡೂ ಉಚಿತವಾದುವೇ, ಯಾವುದನ್ನೂ ಹೀನವೆನ್ನಬೇಕಾಗಿಲ್ಲ. ಆದರೆ ಇವೆರಡನ್ನು ಮಾಡಿ ದಯಾದತ್ತಿಯೂ ಆಯಿತೆಂದು ಲೆಕ್ಕ ಬರೆದುಕೊಳ್ಳುವುದು ಆತ್ಮವಂಚನೆ. ಪಟ್ಟಣದಲ್ಲಿ ಹೆಚ್ಚು ಶುಲ್ಕದ ಶಾಲೆಯನ್ನು ತೆರೆದು ಅದಕ್ಕೆ ಜ್ಞಾನದಾನವೆಂಬ ಫಲಕ ಹಾಕುವುದೂ ಅದೇ ವರ್ಗಕ್ಕೆ ಸೇರಿದ ತಪ್ಪು. ದಯಾದತ್ತಿ ಪಡೆಯುವವನ ಕುಲ, ಮತ, ಯೋಗ್ಯತೆಗಳನ್ನು ಕೇಳುವುದಿಲ್ಲ. ಅವನ ಕಷ್ಟವೇ ಅವನ ಅರ್ಹತೆ. ಗದ್ದೆಯ ಅಂಚಿನ ಗುಡಿಸಲಿನ ಮಗು ಜೈನಮಗುವೇ ಎಂಬ ಪ್ರಶ್ನೆ ಇಲ್ಲಿ ಹುಟ್ಟುವುದೇ ಇಲ್ಲ.

ಪರಂಪರೆಯಲ್ಲಿ ಈ ವಿವೇಕಕ್ಕೆ ದೊಡ್ಡ ನಿದರ್ಶನಗಳಿವೆ. ದಾನಚಿಂತಾಮಣಿ ಅತ್ತಿಮಬ್ಬೆ ಹತ್ತನೆಯ ಶತಮಾನದ ಕೊನೆಯಲ್ಲಿ ಬಸದಿಗಳನ್ನು ಕಟ್ಟಿಸಿದಳು. ಅದರ ಜೊತೆಗೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಓಲೆಗರಿಯ ಮೇಲೆ ಒಂದೊಂದು ಅಕ್ಷರವನ್ನೂ ಕೊರೆಯಬೇಕಾಗಿದ್ದ ಕಾಲದಲ್ಲಿ ಸಾವಿರ ಪ್ರತಿಯೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆ! ಒಂದೇ ಪ್ರತಿಯನ್ನು ಚಿನ್ನದ ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದು ಆಕೆಗೆ ಸುಲಭವಾಗಿತ್ತು. ಓದುವವರ ಕೈಗೆ ತಲುಪದ ಗ್ರಂಥ ದಾನವಾಗದೆಂಬುದನ್ನು ಆಕೆ ಬಲ್ಲವಳಾಗಿದ್ದಳು.

ಆಧುನಿಕ ಕಾಲದ ನಿದರ್ಶನ ಕರ್ಮವೀರ ಭಾವುರಾವ ಪಾಟೀಲರದು. ಕೊಲ್ಹಾಪುರ ಸೀಮೆಯ ಕುಂಭೋಜದಲ್ಲಿ ೧೮೮೭ರಲ್ಲಿ ಜೈನ ಕುಟುಂಬವೊಂದರಲ್ಲಿ ಹುಟ್ಟಿದ ಅವರು ೧೯೧೯ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿದರು. ೧೯೨೪ರಲ್ಲಿ ಸಾತಾರೆಯಲ್ಲಿ ನೆಲೆಯೂರಿದ ಅವರ ವಿದ್ಯಾರ್ಥಿನಿಲಯದಲ್ಲಿ ಎಲ್ಲ ಜಾತಿಗಳ ಹಳ್ಳಿಯ ಹುಡುಗರೂ ಒಂದೇ ಪಂಕ್ತಿಯಲ್ಲಿ ಉಂಡು, ಕೈಯಿಂದ ದುಡಿದು, ಓದಿದರು. ಅಡುಗೆಮನೆಯಲ್ಲಿ ಧಾನ್ಯ ಮುಗಿದಾಗ ಅವರ ಪತ್ನಿ ಲಕ್ಷ್ಮೀಬಾಯಿ ತಮ್ಮ ಒಡವೆಗಳನ್ನು, ಕೊನೆಗೆ ಮಂಗಳಸೂತ್ರವನ್ನೂ ಕೊಟ್ಟರು. ಈ ದಂಪತಿಗಳ ದಾನದಲ್ಲಿ ದ್ರವ್ಯ ಅಲ್ಪ, ವಿಧಿ ಅಸಾಧಾರಣ. ಮಗುವಿನ ಜೊತೆಗೆ ಬಾಳಿ ಕೊಟ್ಟ ದಾನವದು. ಸ್ವತಃ ಶಿಕ್ಷಕರಾಗಿದ್ದ ಟಾಂಜಾನಿಯದ ಅಧ್ಯಕ್ಷ ಜೂಲಿಯಸ್ ನೈರೇರೆಯವರು ೧೯೬೭ರಲ್ಲಿ ಸ್ವಾವಲಂಬನೆಗಾಗಿ ಶಿಕ್ಷಣವೆಂಬ ನೀತಿಯನ್ನು ತಮ್ಮ ದೇಶದ ಮುಂದಿಟ್ಟರು. ಕೈಯ ದುಡಿಮೆಯೂ ಓದೂ ಒಂದಾಗಬೇಕೆಂಬ ಆ ವಿಚಾರ ಸಾತಾರೆಯಲ್ಲಿ ನಾಲ್ಕು ದಶಕಗಳಿಗೂ ಹಿಂದೆಯೇ ನಡೆಯಲ್ಲಿ ಬಂದಿತ್ತು.

ಹೇಗೆ ಕಲಿಸಬೇಕೆಂಬುದಕ್ಕೂ ದೂರ ಹೋಗಬೇಕಾಗಿಲ್ಲ. ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ಕಾಡಂಚಿನ ತಾಲ್ಲೂಕು. ೧೯೯೫ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿನ ಸರ್ಕಾರಿ ಶಾಲಾ ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ಕಂಡು ಬಂದು ‘ನಲಿ-ಕಲಿ’ ಪದ್ಧತಿಯನ್ನು ರೂಪಿಸಿದರು. ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕುಳಿತು, ಕಾರ್ಡುಗಳ ಸಹಾಯದಿಂದ, ತಮ್ಮ ತಮ್ಮ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮುಂದುವರಿಯುವ ಪದ್ಧತಿ ಅದು. ಹಿಂದುಳಿದ ಮಗು ಇಲ್ಲಿ ಬೈಗುಳ ತಿನ್ನುವುದಿಲ್ಲ. ನಿಂತ ಮೆಟ್ಟಿಲಿನಿಂದಲೇ ಹೊರಡುತ್ತದೆ. ೨೦೦೯-೧೦ರಲ್ಲಿ ಅದು ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ಮೊದಲ ಹುರುಪು ಎಲ್ಲೆಡೆ ಒಂದೇ ಸಮನೆ ಉಳಿಯಲಿಲ್ಲವಾದರೂ, ಸಾಮಾನ್ಯ ಸರ್ಕಾರಿ ಶಿಕ್ಷಕರೇ ಹೊಸ ದಾರಿ ಕಂಡುಕೊಳ್ಳಬಲ್ಲರೆಂಬುದು ಸಿದ್ಧವಾಯಿತು. ಮಕ್ಕಳನ್ನು ದಿನಕ್ಕೆ ಒಂದು ಗಂಟೆಯಾದರೂ ತರಗತಿಯ ಬದಲು ಓದಿನ ಮಟ್ಟಕ್ಕೆ ತಕ್ಕಂತೆ ಕೂರಿಸಿ ಕಲಿಸುವ ‘ಪ್ರಥಮ್’ ಸಂಸ್ಥೆಯ ವಿಧಾನವೂ ಇದಕ್ಕೆ ಸಮೀಪವಾದುದು. ಅದೀಗ ಜಾಂಬಿಯವೇ ಮೊದಲಾದ ಆಫ್ರಿಕದ ದೇಶಗಳ ಸರ್ಕಾರಿ ಶಾಲೆಗಳಲ್ಲಿಯೂ ನಡೆಯುತ್ತಿದೆ. ಭಾರತದ ಹಳ್ಳಿಗಳಲ್ಲಿ ರೂಪುಗೊಂಡುದು ಜಾಂಬಿಯದ ಮಗುವಿಗೆ ಓದು ಕಲಿಸುತ್ತಿರುವಾಗ ಬೆಸಗರಹಳ್ಳಿಯ ಮಗುವಿಗೆ ಅದು ದೊರೆಯಬಾರದೇಕೆ?

ಇಲ್ಲಿ ಕೆಲವು ಆಕ್ಷೇಪಗಳು ಸಹಜ. ಶಿಕ್ಷಣ ಸರ್ಕಾರದ ಹೊಣೆ, ತೆರಿಗೆ ಕೊಟ್ಟವರು ಮತ್ತೆ ದಾನವನ್ನೂ ಕೊಡಬೇಕೇ ಎಂಬುದು ಮೊದಲನೆಯದು. ಹೊಣೆ ಸರ್ಕಾರದ್ದೇ ಸರಿ. ಅದನ್ನು ತಪ್ಪಿಸಿಕೊಳ್ಳಲು ಅವಕಾಶ ಕೊಡಕೂಡದು. ಆದರೆ ಏಳು ವರ್ಷದ ಮಗು ಸರ್ಕಾರ ಸರಿಹೋಗುವವರೆಗೆ ಏಳು ವರ್ಷದ್ದಾಗಿಯೇ ಕಾಯುವುದಿಲ್ಲ. ಖಾಲಿ ಬಿದ್ದ ಶಿಕ್ಷಕರ ಹುದ್ದೆಯನ್ನು ತುಂಬಿರೆಂದು ಒತ್ತಾಯಿಸುವುದೂ, ಅದು ತುಂಬುವವರೆಗೆ ಮಗುವಿನ ಕೈ ಬಿಡದಿರುವುದೂ ಪರಸ್ಪರ ವಿರುದ್ಧವಾದ ಕಾರ್ಯಗಳಲ್ಲ.

ಬಸದಿಗೆಂದು ಬಂದ ದ್ರವ್ಯವನ್ನು ಶಾಲೆಗೆ ವಿನಿಯೋಗಿಸಬಹುದೇ ಎಂಬುದು ಎರಡನೆಯ ಆಕ್ಷೇಪ. ಇದು ನಿಜಕ್ಕೂ ಗಂಭೀರವಾದುದು. ಜಿನಪೂಜೆಗೂ ಜೀರ್ಣೋದ್ಧಾರಕ್ಕೂ ಸಂಕಲ್ಪಿಸಿ ಕೊಟ್ಟುದನ್ನು ಬೇರೆ ಕಾರ್ಯಕ್ಕೆ ತಿರುಗಿಸುವುದು ದಾತೃವಿನ ಸಂಕಲ್ಪಕ್ಕೆ ಮಾಡುವ ದ್ರೋಹ. ಒಳ್ಳೆಯ ಉದ್ದೇಶ ಆ ದೋಷವನ್ನು ತೊಳೆಯಲಾರದು. ಆದುದರಿಂದ ಆಡಳಿತ ಮಂಡಳಿಗಳು ಜ್ಞಾನದಾನಕ್ಕಾಗಿಯೇ ಪ್ರತ್ಯೇಕ ನಿಧಿಯನ್ನು ತೆರೆದು, ಆ ಹೆಸರಿನಲ್ಲಿಯೇ ದಾನ ಸ್ವೀಕರಿಸಿ, ಲೆಕ್ಕವನ್ನು ಬೇರೆಯಾಗಿಯೇ ಇಡುವುದು ಧರ್ಮಸಮ್ಮತವಾದ ದಾರಿ.

ಅಂತಹ ನಿಧಿಯಿಂದ ಮಾಡಬಹುದಾದುದು ಏನು? ಮೊದಲು ಮಾಡಬೇಕಾದುದು ಕೇಳುವುದು. ಶಾಲೆಯ ಶಿಕ್ಷಕರನ್ನೂ ಮೇಲುಸ್ತುವಾರಿ ಸಮಿತಿಯ ಪೋಷಕರನ್ನೂ ಕೇಳದೆ ಕೊಟ್ಟ ವಸ್ತು ಎಷ್ಟೋ ಕಡೆ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕುಳಿತಿರುತ್ತದೆ. ಓದು ಹಿಂದುಳಿದ ಮಕ್ಕಳಿಗೆ ಪ್ರತಿದಿನ ಒಂದು ಗಂಟೆ ಕನ್ನಡ ಓದನ್ನೂ ಲೆಕ್ಕವನ್ನೂ ಹೇಳಿಕೊಡಲು ಊರಿನಲ್ಲೇ ಓದಿದ ಯುವತಿಯೊಬ್ಬಳಿಗೆ ಗೌರವಧನ ಕೊಡಬಹುದು. ಮಕ್ಕಳು ಮನೆಗೆ ಒಯ್ಯಬಹುದಾದ ಕಥೆಪುಸ್ತಕಗಳ ಸಣ್ಣ ಭಂಡಾರವನ್ನು ಇಡಬಹುದು. ಪುಸ್ತಕ ಹರಿದರೆ ಓದಿದರೆಂದು ಸಂತೋಷಪಡಬಹುದು. ಕಬ್ಬಿನ ಹಂಗಾಮಿನ ತಿಂಗಳುಗಳಲ್ಲಿ ಗುಡಿಸಲಿನ ಮಕ್ಕಳನ್ನು ಕರೆತಂದು ಶಾಲೆಯಲ್ಲಿ ಕೂರಿಸುವ ಹೊಣೆಯನ್ನು ಒಬ್ಬರಿಗೆ ವಹಿಸಬಹುದು. ಇವಾವುದಕ್ಕೂ ಕಟ್ಟಡದಷ್ಟು ಹಣ ಬೇಡ; ಆದರೆ ಕಟ್ಟಡಕ್ಕೆ ಬೇಡದ ಒಂದು ವಸ್ತು ಇವೆಲ್ಲಕ್ಕೂ ಬೇಕು. ಅದು ವರ್ಷ ವರ್ಷವೂ ಮುಂದುವರಿಯುವ ಗಮನ. ವರ್ಷದ ಕೊನೆಯಲ್ಲಿ ದಾನಿಗಳ ಪೈಕಿ ಒಬ್ಬರು ಬಂದು ಮಗುವಿನ ಪಕ್ಕದಲ್ಲಿ ಕುಳಿತು ಒಂದು ಪುಟ ಓದಿಸಿ ಕೇಳಬೇಕು. ಓದಲಾರದ ಮಗುವನ್ನೂ ಅದರ ಶಿಕ್ಷಕರನ್ನೂ ಗದರಿಸುವುದು ಆ ಭೇಟಿಯ ಉದ್ದೇಶವಾಗಕೂಡದು; ತಮ್ಮ ದಾನ ಎಲ್ಲಿಯವರೆಗೆ ತಲುಪಿದೆಯೆಂದು ತಿಳಿಯುವುದಷ್ಟೇ ಅದರ ಉದ್ದೇಶವಾಗಬೇಕು.

ಕೊನೆಗೆ ದಾತೃವಿನ ವಿಚಾರ. ಹಣವನ್ನು ಬಿಟ್ಟವನಿಗೂ ಹೆಸರನ್ನು ಬಿಡುವುದು ಕಷ್ಟ. ಕಲ್ಲಿನ ಮೇಲೆ ಕೊರೆಯಿಸಿದ ಹೆಸರಿನ ಮೋಹವೂ ಪರಿಗ್ರಹವೇ. ಕಟ್ಟಡದ ದಾನದಲ್ಲಿ ಹೆಸರಿಗೆ ಗೋಡೆಯಿದೆ. ಒಂದು ಗಂಟೆಯ ಪಾಠದ ದಾನದಲ್ಲಿ ಹೆಸರು ಬರೆಯಲು ಎಡೆಯಿಲ್ಲ. ಎರಡನೆಯ ಬಗೆಯ ದಾನಕ್ಕೆ ದಾನಿಗಳು ವಿರಳವಾಗಿರುವುದಕ್ಕೆ ಇದೂ ಒಂದು ಕಾರಣವಾಗಿರಬಹುದು. ತನಗೂ ಪರರಿಗೂ ಉಪಕಾರವಾಗಬೇಕೆಂಬ ಆಚಾರ್ಯರ ಮಾತಿನ ಮೊದಲ ಅರ್ಧ ಇಲ್ಲಿ ಸಾರ್ಥಕವಾಗುತ್ತದೆ. ಹೆಸರಿಲ್ಲದೆ ಕೊಟ್ಟಾಗ ಕೊಟ್ಟವನ ಲೋಭವೂ ಮಾನವೂ ಒಟ್ಟಿಗೆ ಕ್ಷೀಣಿಸುತ್ತವೆ.

ಜ್ಞಾನದಾನ ಪೂರ್ಣವಾಗುವುದು ಯಾವಾಗ ಎಂಬ ಪ್ರಶ್ನೆಗೆ ಹೀಗೆ ಉತ್ತರ ದೊರೆಯುತ್ತದೆ. ಬೆಸಗರಹಳ್ಳಿಯ ಸೀಮೆಯಲ್ಲಿ ಕೂಲಿಯವನ ಮಗಳೊಬ್ಬಳು ಮನೆಗೆ ಬಂದ ಬ್ಯಾಂಕಿನ ಕಾಗದವನ್ನು ತಂದೆಗೆ ತಡವರಿಸದೆ ಓದಿ ಹೇಳಿದ ದಿನ ಅದು ಪೂರ್ಣವಾಗುತ್ತದೆ. ಆ ದಿನ ದಾನಿ ಅಲ್ಲಿರುವುದಿಲ್ಲ. ಅವನ ಹೆಸರು ಆ ಮನೆಯವರಿಗೆ ತಿಳಿದಿರಬೇಕಾಗಿಯೂ ಇಲ್ಲ.